ಟರ್ಬೊ ಹೋಗಿದೆ ಅಂದ ಕೂಡಲೇ ದುಡ್ಡು ಎಣಿಸಬೇಡಿ

ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ನಮ್ಮ ಚಿಕ್ಕಪ್ಪನ ಡಿಸೈರ್ ಸುಸ್ತಾಯಿತು. ಗುಂಡ್ಯ ದಾಟಿ ಏರು ಶುರುವಾಗುತ್ತಿದ್ದ ಹಾಗೆ ಪಿಕಪ್ ಇಲ್ಲ. ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಹಿಂದೆ ಕಪ್ಪು ಹೊಗೆ. ಅದರ ಹಿಂದೆ ಬರುತ್ತಿದ್ದ ಟ್ಯಾಂಕರ್‌ನವನದು ಹಾರ್ನ್ ಮೇಲೆ ಹಾರ್ನ್. ಸಕಲೇಶಪುರ ಮುಟ್ಟುವ ಹೊತ್ತಿಗೆ ಚಿಕ್ಕಮ್ಮ ಮಂಜುನಾಥನಿಗೆ ಇನ್ನೊಂದು ಹರಕೆ ಹೊತ್ತಾಗಿತ್ತು.

ಮಾರನೇ ದಿನ ಗ್ಯಾರೇಜಿಗೆ ಹೋದರು. ಯಾವ ಗ್ಯಾರೇಜ್ ಅಂತ ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ. ಅಲ್ಲಿದ್ದ ಹುಡುಗ ಬಾನೆಟ್ ಎತ್ತಿ, ಒಂದು ಪೈಪ್ ಬಿಚ್ಚಿ, ಒಳಗೆ ಬೆರಳು ಹಾಕಿ ತೆಗೆದ. ಬೆರಳಿಗೆ ಆಯಿಲ್ ಅಂಟಿತ್ತು. "ನೋಡಿ ಅಣ್ಣ, ಟರ್ಬೊ ಆಯಿಲ್ ಬಿಡ್ತಾ ಐತೆ. ಟರ್ಬೊ ಹೋಗೈತೆ" ಅಂದ. ಎಸ್ಟಿಮೇಟ್ 28,000 ರೂಪಾಯಿ. ಆ ವರ್ಷ ಶುಂಠಿಗೆ ಸ್ವಲ್ಪ ರೇಟ್ ಸಿಕ್ಕಿತ್ತು, ಚಿಕ್ಕಪ್ಪ ಕೊಟ್ಟರು. ಗಾಡಿ ಬಂತು. ಒಂದು ವಾರ "ಈಗ ಪರವಾಗಿಲ್ಲ ಕಣೋ" ಅನ್ನುತ್ತಿದ್ದರು. ಅಷ್ಟು ದುಡ್ಡು ಕೊಟ್ಟ ಮೇಲೆ ಪರವಾಗಿಲ್ಲ ಅನ್ನದೆ ಇನ್ನೇನು ಅಂದಾರು? ಎಂಟನೇ ದಿನ ತುಂಬಿದ ಗಾಡಿಯಲ್ಲಿ ಒಂದು ದಿಬ್ಬ ಹತ್ತುವಾಗ ಮತ್ತೆ ಅದೇ ಕಪ್ಪು ಹೊಗೆ, ಅದೇ ಏದುಸಿರು.

ಹಾಸನದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ. ಅವರು ಗಾಡಿಯ ಅಡಿಗೆ ಮಲಗಿ ಹತ್ತು ನಿಮಿಷ ಕೈಯಾಡಿಸಿದರು. ಟರ್ಬೊದಿಂದ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಪೈಪಿನ ಕೆಳಮಗ್ಗುಲಲ್ಲಿ ನಾಲ್ಕು ಬೆರಳಗಲ ಸೀಳು. ಗಾಡಿ ನಿಂತಾಗ ಸೀಳು ಮುಚ್ಚಿಕೊಂಡಿರುತ್ತಿತ್ತು. ಏರು ಹತ್ತುವಾಗ ಒಳಗಿನ ಗಾಳಿಯ ಒತ್ತಡಕ್ಕೆ ಬಾಯಿ ಬಿಡುತ್ತಿತ್ತು. ಹೋಸಿಗೆ 1,650, ಕೂಲಿ 300. ಕೆಲಸ ಮುಗಿಯಿತು.

ಹಾಗಾದರೆ ಬದಲಾಯಿಸಿದ ಹಳೇ ಟರ್ಬೊಗೆ ಏನಾಗಿತ್ತು? ಏನೂ ಆಗಿರಲಿಲ್ಲ ಅಂತ ನನ್ನ ಅಂದಾಜು. ಅದು ಈಗ ಎಲ್ಲಿದೆ? ಚಿಕ್ಕಪ್ಪ ಹೋಗಿ ಕೇಳಿದರೆ "ಗುಜರಿಗೆ ಹಾಕಿದ್ವಿ" ಅಂದರಂತೆ.

ಆ ಹುಡುಗನನ್ನು ಬೈದು ಮುಗಿಸುವುದು ಸುಲಭ. ಆದರೆ ಇದು ಒಬ್ಬ ಹುಡುಗನ ಕಥೆಯಲ್ಲ. ನಮ್ಮ ಹಳ್ಳಿಗಳಲ್ಲಿ ಈಗ ಓಡುತ್ತಿರುವ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರುಗಳನ್ನೇ ನೋಡಿ. ಸ್ವಿಫ್ಟ್ ಡೀಸೆಲ್ ಬಂದಿದ್ದು 2007ರಲ್ಲಿ. ಅದರಲ್ಲಿದ್ದದ್ದು ಫಿಯಟ್ ಕಂಪನಿಯ 1,248 ಸಿಸಿ ಮಲ್ಟಿಜೆಟ್ ಎಂಜಿನ್. ಅದೇ ಎಂಜಿನ್ ಡಿಸೈರ್, ರಿಟ್ಜ್, ಎರ್ಟಿಗಾಗೂ ಬಂತು. ಟಾಟಾದವರ ವಿಸ್ಟಾ, ಮಾಂಜಾದಲ್ಲೂ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಅಂದರೆ ನಮ್ಮೂರಿನ ಯಾವ ಸ್ವಿಫ್ಟ್ ಡೀಸೆಲ್ಲೂ ಈಗ ಹೊಸದಲ್ಲ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಎರಡು ಮೂರು ಕೈ ಬದಲಾಗಿ ನಮ್ಮ ಹಟ್ಟಿ ಮುಂದೆ ಬಂದು ನಿಂತಿರುತ್ತದೆ. ರಬ್ಬರ್‌ಗೆ ವಯಸ್ಸಾಗಿರುತ್ತದೆ, ಪೈಪುಗಳಲ್ಲಿ ಮಸಿ ಕಟ್ಟಿರುತ್ತದೆ.

ನಮ್ಮ ಮೆಕ್ಯಾನಿಕ್‌ಗಳಲ್ಲಿ ಹಿರಿಯರು ಕೆಲಸ ಕಲಿತದ್ದು ಪೆಜೊ ಎಂಜಿನ್ನಿನ ಜೀಪು, ಹಳೇ ಇಂಡಿಕಾಗಳ ಮೇಲೆ. ಅವುಗಳಲ್ಲಿ ಟರ್ಬೊ ಇರಲಿಲ್ಲ. ಕಪ್ಪು ಹೊಗೆ ಬಂದರೆ ಪಂಪು, ನಾಝಲ್ ನೋಡಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಈಗ ಬಾನೆಟ್ ಎತ್ತಿದರೆ ಪೈಪಿನ ಮೇಲೆ ಪೈಪು, ವೈರಿನ ಮೇಲೆ ವೈರು. ಗೊತ್ತಾಗದೇ ಇದ್ದಾಗ ಎಲ್ಲಕ್ಕಿಂತ ದೊಡ್ಡ ಪಾರ್ಟ್ ಮೇಲೆ ಅನುಮಾನ ಬೀಳುತ್ತದೆ.

ಟರ್ಬೊ ಅಂದರೆ ಮಾಯೆ ಏನಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಕಮ್ಮಾರನ ಕುಲುಮೆಗೆ ತಿದಿ ಇದ್ದ ಹಾಗೆ ಎಂಜಿನ್ನಿಗೆ ಟರ್ಬೊ. ವ್ಯತ್ಯಾಸ ಇಷ್ಟೇ, ತಿದಿಯನ್ನು ಕೈಯಿಂದ ಒತ್ತಬೇಕು, ಟರ್ಬೊವನ್ನು ಎಂಜಿನ್ನಿಂದ ಹೊರಗೆ ಹೋಗುವ ಹೊಗೆಯೇ ತಿರುಗಿಸುತ್ತದೆ. ಒಂದೇ ಶಾಫ್ಟಿನ ಆ ಕಡೆ ಹೊಗೆಗೆ ತಿರುಗುವ ಚಕ್ರ, ಈ ಕಡೆ ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಚಕ್ರ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ಶಾಫ್ಟಿನ ಸುತ್ತ ಇರುವ ಕಾಗದದಷ್ಟು ತೆಳುವಾದ ಆಯಿಲ್ ಪದರ ಮಾತ್ರ.

ಕುಲುಮೆಯಲ್ಲಿ ಬೆಂಕಿ ಏಳಲಿಲ್ಲ ಅಂದರೆ ತಿದಿಯೇ ಹರಿದಿರಬೇಕು ಅಂತಿಲ್ಲ. ಕೊಳವೆ ಒಡೆದಿರಬಹುದು, ಇದ್ದಿಲು ಹಸಿ ಇರಬಹುದು. ಕಾರಿಗೂ ಅದೇ ಮಾತು.

ಈಗ ಗ್ಯಾರೇಜಿನಲ್ಲಿ ತೋರಿಸುವ "ಸಾಕ್ಷಿ"ಗಳ ವಿಷಯಕ್ಕೆ ಬರೋಣ. ಮೋಸ ಆಗುವುದು ಇಲ್ಲೇ.

ಮೊದಲನೆಯದು ಪೈಪಿನೊಳಗಿನ ಆಯಿಲ್. ಎಂಜಿನ್ನಿನ ಕೆಳಭಾಗದಲ್ಲಿ ಹುಟ್ಟುವ ಆಯಿಲ್ ಹಬೆಯನ್ನು ಗಾಳಿ ಪೈಪಿಗೇ ವಾಪಸ್ ಬಿಡುವ ವ್ಯವಸ್ಥೆ ಈ ಗಾಡಿಗಳಲ್ಲಿ ಇರುತ್ತದೆ. ಹಾಗಾಗಿ ಪೈಪಿನ ಒಳಮೈಗೆ ತೆಳ್ಳಗೆ ಆಯಿಲ್ ಹತ್ತಿರುವುದು ಸಹಜ. ಲಕ್ಷ ಕಿಲೋಮೀಟರ್ ಓಡಿದ ಯಾವ ಟರ್ಬೊ ಡೀಸೆಲ್ ಗಾಡಿಯ ಪೈಪಿಗೆ ಬೆರಳು ಹಾಕಿದರೂ ಬೆರಳು ಕಪ್ಪಾಗುತ್ತದೆ. ಪೈಪ್ ಬಗ್ಗಿಸಿದರೆ ಆಯಿಲ್ ಸುರಿಯಬೇಕು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ವಾರವಾರಕ್ಕೂ ಇಳಿಯುತ್ತಿರಬೇಕು. ಆಗ ಟರ್ಬೊ ಮೇಲೆ ಅನುಮಾನ ಪಡಿ.

ಎರಡನೆಯದು ಶಾಫ್ಟಿನ ಅಲುಗಾಟ. "ನೋಡಿ, ಆಡ್ತಾ ಐತೆ" ಅಂತ ಚಕ್ರ ಹಿಡಿದು ಅಲ್ಲಾಡಿಸಿ ತೋರಿಸುತ್ತಾರೆ. ಶಾಫ್ಟ್ ತೇಲುವುದೇ ಆಯಿಲ್ ಮೇಲೆ, ಆದ್ದರಿಂದ ಎಂಜಿನ್ ನಿಂತಾಗ ಮೇಲೆ ಕೆಳಗೆ ಒಂಚೂರು ಆಡಲೇಬೇಕು. ನೋಡಬೇಕಾದ್ದು ಬೇರೆ. ಹಿಡಿದು ಮುಂದಕ್ಕೆ ಹಿಂದಕ್ಕೆ ಎಳೆದರೆ ಕೈಗೆ ಗೊತ್ತಾಗುವಷ್ಟು ಆಡುತ್ತದಾ? ರೆಕ್ಕೆಗಳು ಸುತ್ತಲಿನ ಗೋಡೆಗೆ ಉಜ್ಜಿ ಗೀರು ಬಿದ್ದಿದೆಯಾ? ರೆಕ್ಕೆಯ ತುದಿ ಮುರಿದಿದೆಯಾ? ಬೆರಳಲ್ಲಿ ತಿರುಗಿಸಿದರೆ ತಡೆಯುತ್ತದಾ? ಇವುಗಳಲ್ಲಿ ಒಂದಿದ್ದರೂ ಟರ್ಬೊ ಹೋಗಿದೆ ಅನ್ನುವ ಮಾತಿಗೆ ಬೆಲೆ ಇದೆ. (ಇದನ್ನು ಎಂಜಿನ್ ಆಫ್ ಆಗಿ ತಣ್ಣಗಾದ ಮೇಲೆ ಮಾತ್ರ ನೋಡಬೇಕು. ಓಡುತ್ತಿರುವಾಗ ಬೆರಳು ಹಾಕಿದರೆ ಬೆರಳು ವಾಪಸ್ ಬರುವುದಿಲ್ಲ.)

ಮೂರನೆಯದು ಸ್ಕ್ಯಾನರ್. ಈಗ ತಾಲ್ಲೂಕು ಮಟ್ಟದ ಗ್ಯಾರೇಜುಗಳಲ್ಲೂ ಸ್ಕ್ಯಾನರ್ ಇದೆ, ಸಂತೋಷ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದರೆ ಪಿ 0299 ಅಂತ ಕೋಡ್ ಬರುತ್ತದೆ. "ಕಂಪ್ಯೂಟರೇ ಟರ್ಬೊ ಅಂತ ಹೇಳ್ತಾ ಐತಲ್ಲ ಅಣ್ಣ" ಅಂತಾರೆ. ಕಂಪ್ಯೂಟರ್ ಹಾಗೆ ಹೇಳಿಲ್ಲ. ಆ ಕೋಡಿನ ಅರ್ಥ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಅಂತ, ಅಷ್ಟೇ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳುತ್ತದೆ. ಮಲೇರಿಯಾನೋ ಟೈಫಾಯ್ಡೋ ಅಂತ ಅದು ಹೇಳುವುದಿಲ್ಲ. ಚಿಕ್ಕಪ್ಪನ ಗಾಡಿಗೆ ಸ್ಕ್ಯಾನರ್ ಹಾಕಿದ್ದರೂ ಇದೇ ಕೋಡ್ ಬರುತ್ತಿತ್ತು, ತಪ್ಪು ಮಾತ್ರ ಹೋಸಿನದೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಹೊಗೆಯಿಂದ. ದುಡ್ಡು ಕೊಡದೆ ಮನೆ ಮುಂದೆಯೇ ನೋಡಬಹುದಾದ ಪರೀಕ್ಷೆ ಅದೊಂದೇ.

ಪಿಕಪ್ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಹೆಚ್ಚಿನ ಸಲ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಹೋಸ್, ಮಸಿ ಕಟ್ಟಿದ ಇಜಿಆರ್ ವಾಲ್ವ್ ಕಡೆ ನೋಡಬೇಕು. ಪಿಕಪ್ ಇಲ್ಲ, ಹೊಗೆಯೂ ಇಲ್ಲ ಅಂದರೆ ಮೊದಲ ಅನುಮಾನ ಡೀಸೆಲ್ ಮೇಲೆ ಇರಲಿ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅದರ ತಳದಲ್ಲಿ ನೀರು ನಿಂತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಬಂದು ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ನಿಲ್ಲದೇ ಬರುತ್ತಿದ್ದರೆ, ಜೊತೆಗೆ ಕೂಲಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಏರ್ ಫಿಲ್ಟರ್ ಬಗ್ಗೆ ನಾವು ತುಂಬಾ ಉದಾಸೀನ. ಬುಕ್ಕಿನಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಗೆ. ನಮ್ಮ ತೋಟದ ದಾರಿ, ಕ್ರಷರ್ ಲಾರಿ ಓಡಾಡುವ ರಸ್ತೆಗೆ ಆ ಲೆಕ್ಕ ಸಾಲದು. ಗಾಳಿ ಹೊಡೆಸಿ ಹೊಡೆಸಿ ಒಂದೇ ಫಿಲ್ಟರ್‌ನಲ್ಲಿ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಕಾಗದ ಎಲ್ಲೋ ಒಂದು ಕಡೆ ಹರಿದರೆ ಸಾಕು, ಒಳಗೆ ಹೋಗುವ ಧೂಳು ಆ ವೇಗದಲ್ಲಿ ತಿರುಗುವ ರೆಕ್ಕೆಯನ್ನು ಸಾಣೆ ಹಿಡಿದ ಹಾಗೆ ಸವೆಸುತ್ತದೆ.

ಆಮೇಲೆ ಹೋಸ್ ಪೈಪುಗಳು. ಸೀಳಿದ ಜಾಗದಲ್ಲಿ ಒಳಗಿನ ಆಯಿಲ್ ಹಬೆ ಹೊರಗೆ ಬಂದು ಧೂಳು ಹಿಡಿದು ಒದ್ದೆ ಕೊಳೆಯಾಗಿ ಕೂತಿರುತ್ತದೆ. ಇಡೀ ಪೈಪ್ ಒಣಗಿದ್ದು ಒಂದು ಕಡೆ ಮಾತ್ರ ಜಿಡ್ಡು ಇದ್ದರೆ ಅಲ್ಲೇ ಬೆರಳಿಟ್ಟು ಅಮುಕಿ ನೋಡಿ. ಕ್ಲಿಪ್ ಸಡಿಲ ಆಗಿದ್ದರೂ ಇದೇ ಗೋಳು. ಏರಿನಲ್ಲಿ ಎಕ್ಸಲೇಟರ್ ಒತ್ತಿದಾಗ "ಸುಂಯ್" ಅಂತ ಗಾಳಿ ಬಿಡುವ ಸದ್ದು ಹೊಸದಾಗಿ ಕೇಳುತ್ತಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಹೇಳಲು ಮರೆಯಬೇಡಿ. ಗಾಡಿ ಓಡಿಸುವವರ ಕಿವಿಯಷ್ಟು ಒಳ್ಳೆ ಸ್ಕ್ಯಾನರ್ ಇಲ್ಲ.

ಎರ್ಟಿಗಾ, ಸಿಯಾಜ್‌ನಲ್ಲಿ ಬಂದ 90 ಪಿಎಸ್ ಎಂಜಿನ್ನಿನ ಟರ್ಬೊದಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಚಿಕ್ಕ ಎಸಳುಗಳಿವೆ. ಅವು ಮಸಿ ಹಿಡಿದು ಕಚ್ಚಿಕೊಂಡರೂ, ಅವನ್ನು ಆಡಿಸುವ ವ್ಯವಸ್ಥೆಯ ಸಣ್ಣ ಪೈಪೊಂದು ಬಿರುಕು ಬಿಟ್ಟರೂ ಗಾಡಿ ಒಮ್ಮೆಲೇ ಮಂಕಾಗುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡಿ ಮತ್ತೆ ಮಂಕಾಗುವುದು ಇಂಥ ತೊಂದರೆಯ ಲಕ್ಷಣ. ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ಕಮ್ಮಿ ಮಾಡಿಕೊಂಡಿರುತ್ತದೆ. ಸೆನ್ಸರ್ ಕೆಟ್ಟರೂ ಹೀಗಾಗುತ್ತದೆ. ವಾಟರ್ ವಾಶ್ ಮಾಡಿಸಿದ ಮಾರನೇ ದಿನವೇ ಶುರುವಾಗಿದ್ದರೆ ಸೆನ್ಸರ್ ಕನೆಕ್ಟರ್‌ಗೆ ನೀರು ಹೋಗಿದೆಯಾ ಅಂತ ಮೊದಲು ನೋಡಿಸಿ.

ಟರ್ಬೊ ನಿಜವಾಗಿಯೂ ಹೋಗುವುದಿಲ್ಲ ಅಂತಲ್ಲ. ಹೋಗುತ್ತದೆ. ಸೈರನ್ ಹಾಗೆ ಕೂಗುತ್ತದೆ, ನೀಲಿ ಹೊಗೆ ತುಂಬುತ್ತದೆ, ಆಯಿಲ್ ಇಳಿಯುತ್ತದೆ. ಆಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಇದು ಯಾಕೆ ಹೋಯ್ತು?" ಟರ್ಬೊ ಬಹಳ ಸಲ ತಾನಾಗಿ ಸಾಯುವುದಿಲ್ಲ, ಆಯಿಲ್ ಸಿಗದೆ ಸಾಯುತ್ತದೆ. ಅದಕ್ಕೆ ಆಯಿಲ್ ತರುವ ಸಣ್ಣ ಪೈಪು ಇಂಗಾಲ ಕಟ್ಟಿ ಮುಚ್ಚಿರುತ್ತದೆ, ಇಲ್ಲವೇ ಕೆಳಗೆ ಆಯಿಲ್ ಸಂಪಿನ ಜಾಲರಿ ಕೆಸರು ಹಿಡಿದಿರುತ್ತದೆ. ಕಾರಣ ಬಿಟ್ಟು ಹೊಸ ಟರ್ಬೊ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಕಡೆ ಟ್ಯಾಕ್ಸಿ ಓಡಿಸುವ ಗೆಳೆಯನೊಬ್ಬ ಒಂದೇ ವರ್ಷದಲ್ಲಿ ಎರಡು ಟರ್ಬೊ ಹಾಕಿಸಿದ, ಎರಡು ಸಲವೂ ಹಳೇ ಪೈಪ್ ಹಾಗೇ ಇತ್ತು. ಟರ್ಬೊ ಹಾಕಿಸುವುದಾದರೆ ಆಯಿಲ್, ಆಯಿಲ್ ಫಿಲ್ಟರ್, ಆಯಿಲ್ ತರುವ ಪೈಪು ಜೊತೆಗೇ ಬದಲಾಗಬೇಕು. ಸ್ಟಾರ್ಟ್ ಮಾಡುವ ಮುಂಚೆ ಹೊಸ ಟರ್ಬೊ ಒಳಗೆ ಆಯಿಲ್ ಹಾಕಬೇಕು. ಆಯಿಲ್ ತೂತಿನ ಹತ್ತಿರ ಗ್ಯಾಸ್ಕೆಟ್ ಪೇಸ್ಟ್ ಬಳಿಯಲೇಬಾರದು, ಅದರ ಒಂದು ಚೂರು ಒಳಗೆ ಹೋದರೂ ದಾರಿ ಮುಚ್ಚುತ್ತದೆ.

ನೀಲಿ ಹೊಗೆಗೆ ಇನ್ನೊಂದು ಕಾರಣ ಸವೆದ ಪಿಸ್ಟನ್ ರಿಂಗ್. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ಬುಸುಗುಟ್ಟುತ್ತಿದ್ದರೆ ಎಂಜಿನ್ನೇ ಸವೆದಿದೆ ಅಂತ ತಿಳಿಯಿರಿ. ಅದಕ್ಕೆ ಹೊಸ ಟರ್ಬೊ ಹಾಕಿಸುವುದು ಕುರುಡನಿಗೆ ಕನ್ನಡಿ ಕೊಟ್ಟ ಹಾಗೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗಲೂ ಈ ಮುಚ್ಚಳ ತೆಗೆದು ನೋಡಿ.

ಒಂದು ಅಪಾಯದ ವಿಷಯ ಹೇಳಿಬಿಡುತ್ತೇನೆ. ಟರ್ಬೊದ ಸೀಲ್ ಪೂರ್ತಿ ಹೋದರೆ ಡೀಸೆಲ್ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರು ಮಾಡಬಹುದು. ಎಕ್ಸಲೇಟರ್ ಬಿಟ್ಟರೂ ಕಿರುಚುತ್ತಾ ಜೋರಾಗುತ್ತಲೇ ಇರುತ್ತದೆ, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಅಪರೂಪ, ಆದರೆ ಆಗುತ್ತದೆ. ಗಾಡಿ ಮುಂದೆ ಯಾರೂ ಇಲ್ಲ ಅಂತ ನೋಡಿ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಐದನೇ ಗೇರಿಗೆ ಹಾಕಿ ಕ್ಲಚ್ ಒಮ್ಮೆಲೇ ಬಿಡಿ. ಎಂಜಿನ್ ಕಟ್ ಆಗುತ್ತದೆ. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಗಾಳಿ ಪೈಪಿಗೆ ಕೈ ಅಡ್ಡ ಇಡುವ ಸಾಹಸ ಬೇಡ.

ಇನ್ನು ನಮ್ಮ ತಪ್ಪುಗಳು. ಟ್ರ್ಯಾಕ್ಟರಿಗೆ ತಂದ ಡಬ್ಬದಲ್ಲಿ ಉಳಿದ ಆಯಿಲನ್ನು ಕಾರಿಗೆ ಸುರಿಯುತ್ತೇವೆ. ಕಾರಿನ ಬುಕ್ಕಿನಲ್ಲಿ ಒಂದು ಗ್ರೇಡ್ ಬರೆದಿರುತ್ತದೆ, ಅದನ್ನು ಓದಿದವರು ಎಷ್ಟು ಜನ? ಘಾಟಿ ಹತ್ತಿ ಬಂದ ಗಾಡಿಯನ್ನು ಟೀ ಅಂಗಡಿ ಮುಂದೆ ಗಕ್ಕನೆ ನಿಲ್ಲಿಸಿ ಕೀ ತೆಗೆಯುತ್ತೇವೆ. ಎಂಜಿನ್ ನಿಂತ ಕ್ಷಣ ಆಯಿಲ್ ಪಂಪ್ ನಿಲ್ಲುತ್ತದೆ, ಟರ್ಬೊ ಮಾತ್ರ ಕೆಂಡದಂತೆ ಕಾದಿರುತ್ತದೆ, ಅದರೊಳಗೆ ಉಳಿದ ಆಯಿಲ್ ಸೀದು ಇಂಗಾಲ ಆಗುತ್ತದೆ. ಒಂದು ನಿಮಿಷ ಸುಮ್ಮನೆ ಐಡಲ್‌ನಲ್ಲಿ ಬಿಟ್ಟರೆ ಸಾಕು. ಕೆಲವರಿಗೆ ಆಫ್ ಮಾಡುವ ಮುಂಚೆ ಒಂದು ರೇಸ್ ಕೊಡುವ ಚಟ. ಹಳೇ ಲಾರಿ ಡ್ರೈವರ್‌ಗಳಿಂದ ಕಲಿತದ್ದು. ಟರ್ಬೊ ಗಾಡಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಅಂತ ನನಗೆ ಗೊತ್ತಾದದ್ದು ಆ ಹಾಸನದ ಮೇಸ್ತ್ರಿಯ ಹತ್ತಿರ ಕೂತು ಮಾತಾಡಿದಾಗ. "ನಿಮ್ಮಂಥವರು ಮೊದಲೇ ಹೀಗೆ ಹುಡುಕಿ ನೋಡಬಾರದಾ?" ಅಂತ ಕೇಳಿದೆ. ಅವರು ನಕ್ಕರು. "ಸ್ವಾಮಿ, ನೋಡಿದ್ದಕ್ಕೆ ಯಾರ್ ದುಡ್ಡು ಕೊಡ್ತಾರೆ? ಹಾಕಿದ್ದಕ್ಕೆ ಕೊಡ್ತಾರೆ. ಎರಡು ಗಂಟೆ ಅಡಿಗೆ ಮಲಗಿ ಒಂದು ಕ್ಲಿಪ್ ಟೈಟ್ ಮಾಡಿ ಐನೂರು ಕೇಳಿದ್ರೆ, ಕ್ಲಿಪ್ ಟೈಟ್ ಮಾಡಕ್ಕೆ ಐನೂರಾ ಅಂತ ಜಗಳಕ್ಕೆ ಬರ್ತಾರೆ. ಅದೇ ಇಪ್ಪತ್ತೆಂಟು ಸಾವಿರದ ಪಾರ್ಟ್ ಹಾಕಿದ್ರೆ ಕೈಮುಗಿದು ಕೊಟ್ಟು ಹೋಗ್ತಾರೆ."

ಉತ್ತರ ಹೊಳೆಯಲಿಲ್ಲ ನನಗೆ. ನಿಜ ತಾನೇ? ಡಾಕ್ಟರು ನೋಡಿ "ಏನೂ ಆಗಿಲ್ಲ, ಹೋಗಿ" ಅಂದರೂ ಫೀಸು ಕೊಟ್ಟು ಬರುತ್ತೇವೆ. ಮೆಕ್ಯಾನಿಕ್ ತಲೆ ಓಡಿಸಿದ್ದಕ್ಕೆ ಮಾತ್ರ ಬಿಡಿಗಾಸು ಬಿಚ್ಚುವುದಿಲ್ಲ. ಪಾರ್ಟ್ ಮೇಲೆ ಮಾತ್ರ ಅವನ ಹೊಟ್ಟೆ ತುಂಬುವುದಾದರೆ ಅವನು ಪಾರ್ಟೇ ಮಾರುತ್ತಾನೆ. ಹಾಗಂತ ಹೋಗದ ಟರ್ಬೊವನ್ನು ಹೋಗಿದೆ ಅಂದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟವರು ನಾವು.

ಆದ್ದರಿಂದ ನನ್ನ ವಾದ ಇಷ್ಟು. ಗಾಡಿ ಬಿಡುವಾಗಲೇ ಹೇಳಿ: "ಏನಾಗಿದೆ ಅಂತ ಹುಡುಕಿ, ಹುಡುಕಿದ್ದಕ್ಕೆ ಕೂಲಿ ಬೇರೆ ಕೊಡ್ತೀನಿ. ನನಗೆ ತೋರಿಸೋ ತನಕ ಪಾರ್ಟ್ ತರಬೇಡಿ." ಮುನ್ನೂರೋ ಐನೂರೋ, ಮೊದಲೇ ಮಾತಾಡಿಕೊಳ್ಳಿ. ಟರ್ಬೊ ಅಂದರೆ ಯಾವ ಪರೀಕ್ಷೆ ಮಾಡಿದಿರಿ ಅಂತ ಕೇಳಿ. ಬದಲಾಯಿಸಿದ ಹಳೇ ಪಾರ್ಟ್ ನಿಮ್ಮ ಡಿಕ್ಕಿಯಲ್ಲಿ ಮನೆಗೆ ಬರಬೇಕು, ಅದು ನಿಮ್ಮದು. ಎಕ್ಸ್‌ಚೇಂಜ್ ಅಂದರೆ ಅದಕ್ಕೆ ಎಷ್ಟು ಕಳೆದರು ಅಂತ ಬರೆಸಿಕೊಳ್ಳಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಬಿಲ್ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿ ಒಳಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ನಮ್ಮ ಚಿಕ್ಕಪ್ಪನ ಹತ್ತಿರ ಬಿಲ್ ಇರಲಿಲ್ಲ. ಒಂದು ಚೀಟಿಯ ಹಿಂದೆ 28 ಅಂತ ಬರೆದು ಗೆರೆ ಎಳೆದಿದ್ದರು, ಅಷ್ಟೇ.

ಹೋದ ತಿಂಗಳು ಆ ಮೇಸ್ತ್ರಿಯ ಶೆಡ್ ಕಡೆ ಹೋಗಿದ್ದೆ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ "ಚೆಕಿಂಗ್ 300 ರೂ." ಅಂತ ಬರೆದಿದ್ದರು. ಹೇಗಿದೆ ವ್ಯಾಪಾರ ಅಂದೆ. ಬೋರ್ಡ್ ನೋಡಿ ಇಬ್ಬರು ಗಾಡಿ ತಿರುಗಿಸಿಕೊಂಡು ಹೋದರಂತೆ. ಮೂರನೆಯವರ ಬೊಲೆರೊ ಒಳಗೆ ನಿಂತಿತ್ತು, ಬಾನೆಟ್ ತೆಗೆದಿತ್ತು, ಮೇಸ್ತ್ರಿ ಅಡಿಗೆ ಮಲಗಿ ಟಾರ್ಚ್ ಕೇಳುತ್ತಿದ್ದರು.